ನರವಿಜ್ಞಾನದ ಓದು: ಪದವಿಯಿಂದ ಪಿಎಚ್‌.ಡಿ.ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು ವಿದ್ಯಾರ್ಥಿಗಳು ಕೇಳಿದ, ಅವರ ತಂದೆತಾಯಿ ಪತ್ರ ಬರೆದು ಕೇಳಿದ, ಬೇರೆ ವಿಷಯ ಓದಿ ಈ ಕಡೆಗೆ ಮನಸ್ಸು ತಿರುಗಿಸಿದವರು ಕೇಳಿದ ಪ್ರಶ್ನೆಗಳಲ್ಲಿ ವರ್ಷ ವರ್ಷವೂ ಮರಳಿ ಬರುವಂಥವನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಪ್ರತಿ ಉತ್ತರವನ್ನೂ ಬೇರೆಯಾಗಿ ಓದಿಕೊಳ್ಳಬಹುದು.

## ಹೊಸ್ತಿಲಲ್ಲಿ ನಿಂತವರ ಪ್ರಶ್ನೆಗಳು

ನರವಿಜ್ಞಾನ, ನರರೋಗಶಾಸ್ತ್ರ, ಮನಃಶಾಸ್ತ್ರ, ಮನೋವೈದ್ಯಶಾಸ್ತ್ರ ಎಲ್ಲವೂ ಒಂದೇ ಅಲ್ಲವೇ? ನನಗೆ ಮಿದುಳಿನ ಬಗ್ಗೆ ಓದಬೇಕು, ಅಷ್ಟೇ.

ಒಂದೇ ಅಲ್ಲ. ಈ ವ್ಯತ್ಯಾಸ ಸರಿಯಾಗಿ ತಿಳಿಯದೆ ಸೇರಿಕೊಂಡು, ಎರಡು ವರ್ಷ ಕಳೆದ ಮೇಲೆ ದಾರಿ ಬದಲಿಸಿದವರನ್ನು ನಾನು ಕಂಡಿದ್ದೇನೆ. ನರರೋಗಶಾಸ್ತ್ರ ಮತ್ತು ಮನೋವೈದ್ಯಶಾಸ್ತ್ರ ವೈದ್ಯಕೀಯದ ಶಾಖೆಗಳು. ವೈದ್ಯಕೀಯ ಪದವಿ ಪಡೆದವರಷ್ಟೇ ಅಲ್ಲಿಗೆ ಹೋಗುತ್ತಾರೆ, ರೋಗಿಯನ್ನು ನೋಡುವುದೇ ಅವರ ದಿನದ ಕೆಲಸ. ಮನಃಶಾಸ್ತ್ರ ನಡವಳಿಕೆ ಮತ್ತು ಅನುಭವದಿಂದ ಹೊರಡುತ್ತದೆ, ಮಿದುಳನ್ನು ನೋಡದೆಯೇ ಬಹಳ ದೂರ ಸಾಗಬಲ್ಲದು. ನರವಿಜ್ಞಾನವಾದರೋ ನರಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನಿನಿಂದ ಹಿಡಿದು ಭಾಷೆ, ನೆನಪು, ನಿರ್ಧಾರದವರೆಗೆ ನರಮಂಡಲ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವ ಸಂಶೋಧನಾ ಕ್ಷೇತ್ರ. ಅದರಲ್ಲಿ ಎಷ್ಟು ದೊಡ್ಡ ಪದವಿ ಪಡೆದರೂ ಚಿಕಿತ್ಸೆ ಕೊಡುವ ಅಧಿಕಾರ ಬರುವುದಿಲ್ಲ. ಎದುರಿಗೆ ಕುಳಿತ ಮನುಷ್ಯನ ನೋವನ್ನು ಇಂದೇ ಕಡಿಮೆ ಮಾಡಬೇಕೆಂಬುದು ನಿಮ್ಮ ಹಂಬಲವಾಗಿದ್ದರೆ ವೈದ್ಯಕೀಯ ಅಥವಾ ಚಿಕಿತ್ಸಾ ಮನಃಶಾಸ್ತ್ರ ನಿಮ್ಮ ದಾರಿ. ಆ ನೋವು ಹೇಗೆ ಹುಟ್ಟುತ್ತದೆ ಎಂಬ ಒಂದೇ ಪ್ರಶ್ನೆಯೊಂದಿಗೆ, ಉತ್ತರ ಸಿಗುವ ಭರವಸೆಯಿಲ್ಲದೆ, ವರ್ಷಗಟ್ಟಲೆ ಕೂರಬಲ್ಲಿರಾದರೆ ಇಲ್ಲಿಗೆ ಬನ್ನಿ.

ನಾನು ಜೀವಶಾಸ್ತ್ರ ಓದಿಲ್ಲ. ಎಂಜಿನಿಯರಿಂಗ್ ಅಥವಾ ಭೌತಶಾಸ್ತ್ರದಿಂದ ಬರಲು ಆಗುತ್ತದೆಯೇ?

ಆಗುತ್ತದೆ. ಈ ಕ್ಷೇತ್ರ ಬೆಳೆದದ್ದೇ ಹಾಗೆ. ನರಕೋಶದ ಕ್ರಿಯಾವಿಭವ, ಅಂದರೆ ನರತಂತುವಿನ ಉದ್ದಕ್ಕೂ ಓಡುವ ವಿದ್ಯುತ್ ಮಿಡಿತ, ಹೇಗೆ ಹುಟ್ಟುತ್ತದೆ ಎಂಬುದನ್ನು 1952ರಲ್ಲಿ ಸಮೀಕರಣಗಳಲ್ಲಿ ಬರೆದವರು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳ ಹರಿವನ್ನು ಅವರು ಅಳೆದರು; ಆ ಅಳತೆಗಳಿಂದ ಕಟ್ಟಿದ ಸಮೀಕರಣಗಳನ್ನು ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕಯಂತ್ರದಲ್ಲಿ ಬಿಡಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಜೀವಕೋಶವನ್ನು ಬಲ್ಲವರೂ ವಿದ್ಯುನ್ಮಂಡಲವನ್ನು ಬಲ್ಲವರೂ ಒಂದೇ ಮೇಜಿನ ಸುತ್ತ ಕೂರದಿದ್ದರೆ ಆ ಕೆಲಸ ಸಾಧ್ಯವಿರಲಿಲ್ಲ.

ಆದರೆ ಹೊರಗಿನಿಂದ ಬರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಸಮೀಕರಣ ಚೆಂದವಾಗಿದ್ದರೆ ಜೀವವೂ ಅದಕ್ಕೆ ಒಪ್ಪಿ ನಡೆಯುತ್ತದೆ ಎಂದು ನಂಬುವುದು ಅವರಲ್ಲಿ ಸಾಮಾನ್ಯ. ಕೋಶಜೀವಶಾಸ್ತ್ರ, ಮೂಲ ಅಂಗರಚನೆ ಮತ್ತು ವಿಕಾಸವಾದ ಈ ಮೂರನ್ನು ಒಂದು ವರ್ಷ ಕೂತು ಓದಿ. ಸಾಧ್ಯವಾದರೆ ಒಮ್ಮೆಯಾದರೂ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಿ. ಆಮೇಲೆ ನೀವು ಬರೆಯುವ ಮಾದರಿಗಳು ಬೇರೆಯಾಗಿರುತ್ತವೆ.

ಪದವಿಯಲ್ಲೇ ನರವಿಜ್ಞಾನವನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳದಿದ್ದರೆ ಮುಂದೆ ಅವಕಾಶ ತಪ್ಪುತ್ತದೆಯೇ?

ತಪ್ಪುವುದಿಲ್ಲ. ಪಿಎಚ್‌.ಡಿ. ಪ್ರವೇಶ ಸಮಿತಿಗಳು ಪದವಿಯ ಹೆಸರಿಗಿಂತ ಅದರೊಳಗೆ ಏನು ಓದಿದ್ದೀರಿ, ಯಾವ ಪ್ರಯೋಗ ಮಾಡಿದ್ದೀರಿ ಎಂಬುದನ್ನೇ ನೋಡುತ್ತವೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಃಶಾಸ್ತ್ರ, ಗಣಕವಿಜ್ಞಾನ ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಹದಿನೆಂಟರ ವಯಸ್ಸಿನಲ್ಲಿ ಒಂದು ಮೂಲವಿಜ್ಞಾನವನ್ನು ಆಳವಾಗಿ ಕಲಿಯುವುದು ಹೆಚ್ಚು ಬಾಳಿಕೆ ಬರುತ್ತದೆ. ನರವಿಜ್ಞಾನದ ಸಂಗತಿಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ. ಉಷ್ಣಗತಿಶಾಸ್ತ್ರವೂ ಸಂಭವನೀಯತೆಯೂ ಬದಲಾಗುವುದಿಲ್ಲ. ನರವಿಜ್ಞಾನದ ಪದವಿಯನ್ನೇ ಆರಿಸಿಕೊಂಡವರು ಐಚ್ಛಿಕ ವಿಷಯಗಳನ್ನು ಆರಿಸುವಾಗ ಇದನ್ನು ನೆನಪಿಟ್ಟುಕೊಂಡರೆ ಸಾಕು.

ಗಣಿತ ಕಂಡರೆ ನನಗೆ ಭಯ. ನಿಜವಾಗಿ ಎಷ್ಟು ಬೇಕಾಗುತ್ತದೆ?

ಸಂಖ್ಯಾಶಾಸ್ತ್ರ ಎಲ್ಲರಿಗೂ ಬೇಕು, ಅದರಲ್ಲಿ ವಿನಾಯಿತಿಯಿಲ್ಲ. ಕಲನಶಾಸ್ತ್ರದಲ್ಲಿ ಒಂದು ರಾಶಿ ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ಬೇಕು. ನೂರಾರು ನರಕೋಶಗಳನ್ನು ಒಟ್ಟಿಗೆ ದಾಖಲಿಸುವ ಕಾಲ ಇದಾದ್ದರಿಂದ ರೇಖೀಯ ಬೀಜಗಣಿತವೂ ಈಗ ಹೆಚ್ಚುಕಡಿಮೆ ಕಡ್ಡಾಯವಾಗಿದೆ. ಗಣನಾತ್ಮಕ ನರವಿಜ್ಞಾನಕ್ಕೆ, ಅಂದರೆ ಮಿದುಳನ್ನು ಗಣಿತದ ಮಾದರಿಗಳಿಂದ ಅಭ್ಯಾಸ ಮಾಡುವ ಶಾಖೆಗೆ, ಹೋಗುವವರಿಗೆ ಇದರ ಮೂರು ಪಟ್ಟು ಬೇಕಾಗುತ್ತದೆ.

ಭಯದ ಬಗ್ಗೆ ಒಂದು ಮಾತು. ಗಣಿತಕ್ಕೆ ಹೆದರುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಅದನ್ನು ಪರೀಕ್ಷೆಯ ರೂಪದಲ್ಲಿ ಮಾತ್ರ ಕಂಡಿರುತ್ತಾರೆ. ತಾವೇ ಅಳೆದ ಸಂಕೇತವನ್ನು ಪರದೆಯ ಮೇಲೆ ಇಟ್ಟುಕೊಂಡು, ಇದರಲ್ಲಿ ಸದ್ದು ಎಷ್ಟು, ವಿಷಯ ಎಷ್ಟು ಎಂದು ಬೇರ್ಪಡಿಸಲು ಕುಳಿತಾಗ ಅದೇ ಗಣಿತ ಕೈಹತ್ತುವುದನ್ನು ಹಲವು ಸಲ ನೋಡಿದ್ದೇನೆ.

## ಪದವಿ ಓದುವಾಗ

ಮಿದುಳಿನ ಭಾಗಗಳ ಹೆಸರುಗಳೇ ನೂರಾರು. ಎಲ್ಲವನ್ನೂ ಬಾಯಿಪಾಠ ಮಾಡಬೇಕೇ?

ಸ್ವಲ್ಪಮಟ್ಟಿಗೆ ಮಾಡಲೇಬೇಕು, ಏಕೆಂದರೆ ಊರಿನ ಬೀದಿ ಗೊತ್ತಿಲ್ಲದವನಿಗೆ ಆ ಊರಿನ ಕಥೆ ಅರ್ಥವಾಗುವುದಿಲ್ಲ. ಆದರೆ ಬರಿಯ ಹೆಸರಾಗಿ ಕಲಿತದ್ದು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. ಪ್ರತಿ ಹೆಸರಿಗೂ ಒಂದು ಘಟನೆಯನ್ನು ಕಟ್ಟಿ ಇಟ್ಟುಕೊಳ್ಳಿ. ಮಿದುಳಿನ ಒಳಭಾಗದಲ್ಲಿರುವ ಹಿಪೊಕ್ಯಾಂಪಸ್ ಎಂದರೆ ಹೆನ್ರಿ ಮೊಲೈಸನ್ ಎಂಬ ರೋಗಿ. ಮೂರ್ಛೆರೋಗ ತಡೆಯಲೆಂದು 1953ರಲ್ಲಿ ಅವರ ಮಿದುಳಿನ ಎರಡೂ ಪಾರ್ಶ್ವಗಳಿಂದ ಹಿಪೊಕ್ಯಾಂಪಸ್‌ನ ಬಹುಭಾಗವನ್ನೂ ಅದರ ಸುತ್ತಲಿನ ಅಂಗಾಂಶವನ್ನೂ ತೆಗೆದುಹಾಕಿದರು. ಅಲ್ಲಿಂದ ಮುಂದೆ ನಡೆದ ಯಾವ ಘಟನೆಯೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಆಕಾರವನ್ನು ತಿದ್ದುವ ಅಭ್ಯಾಸದಲ್ಲಿ ಅವರ ಕೈ ದಿನದಿಂದ ದಿನಕ್ಕೆ ಪಳಗಿತು. ನಿನ್ನೆ ಅದೇ ಅಭ್ಯಾಸ ಮಾಡಿದ್ದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಇದನ್ನು ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರ ಪರೀಕ್ಷೆಗಳು ತೋರಿಸಿಕೊಟ್ಟವು. ನೆನಪು ಒಂದೇ ಬಗೆಯದಲ್ಲ ಎಂಬ ಅರಿವು ಆ ಹೆಸರಿನ ಜೊತೆಗೇ ಬರುತ್ತದೆ.

ಸಂಖ್ಯೆಗಳೂ ಹೀಗೆಯೇ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು 2009ರ ಎಣಿಕೆ ಹೇಳಿತು. ಅವುಗಳಲ್ಲಿ ಸುಮಾರು 6,900 ಕೋಟಿ ಇರುವುದು ಹಿಂಬದಿಯ ಕಿರುಮಿದುಳಿನಲ್ಲಿ, ನಾವು ಬುದ್ಧಿಯ ನೆಲೆ ಎಂದು ಹೊಗಳುವ ಹೊರತೊಗಟೆಯಲ್ಲಿ ಸುಮಾರು 1,600 ಕೋಟಿ ಮಾತ್ರ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ವಿದ್ಯಾರ್ಥಿ ಕಿರುಮಿದುಳನ್ನು ಮತ್ತೆಂದೂ ಮರೆಯುವುದಿಲ್ಲ.

ನನಗೆ ಏನೂ ಬರುವುದಿಲ್ಲ. ಅಂಥವರನ್ನು ಯಾವ ಪ್ರಯೋಗಾಲಯ ಸೇರಿಸಿಕೊಳ್ಳುತ್ತದೆ?

ಏನೂ ಬಾರದವರನ್ನೇ ಸೇರಿಸಿಕೊಳ್ಳುತ್ತಾರೆ. ಎರಡನೆಯ ವರ್ಷದ ಪದವಿ ವಿದ್ಯಾರ್ಥಿಗೆ ಎಲ್ಲ ಬರುತ್ತದೆ ಎಂದು ಯಾರೂ ನಿರೀಕ್ಷಿಸುವುದಿಲ್ಲ. ಅವರು ನೋಡುವುದು ಹೇಳಿದ ಹೊತ್ತಿಗೆ ಬರುತ್ತೀರಾ, ದಾಖಲೆ ಪುಸ್ತಕದಲ್ಲಿ ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತೀರಾ, ತಪ್ಪಾದಾಗ ಅದನ್ನು ಅಂದೇ ಹೇಳುತ್ತೀರಾ ಎಂಬುದನ್ನು. ಪತ್ರ ಬರೆಯುವಾಗ ಅವರ ಒಂದು ಸಂಶೋಧನಾ ಲೇಖನವನ್ನು ನಿಜವಾಗಿ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಸಂಗತಿಯನ್ನು ಕೇಳಿ. ಐವತ್ತು ಜನರಿಗೆ ಕಳಿಸಿದ ಒಂದೇ ಪತ್ರವನ್ನು ಓದುವವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ.

ಆರಂಭದ ತಿಂಗಳುಗಳಲ್ಲಿ ದ್ರಾವಣ ತಯಾರಿಸುವುದು, ಗಾಜಿನ ಹಲ್ಲೆಗಳನ್ನು ಹೊಂದಿಸುವುದು, ವಿಡಿಯೊ ನೋಡಿ ಇಲಿಯ ಚಲನೆಯನ್ನು ಗುರುತುಹಾಕುವುದು ಇಂಥ ಕೆಲಸವೇ ಸಿಗುತ್ತದೆ. ಅದನ್ನು ಕೀಳೆಂದು ತಿಳಿಯಬೇಡಿ. ಒಂದು ನಕ್ಷೆಯಲ್ಲಿ ಕಾಣುವ ಚುಕ್ಕಿಯ ಹಿಂದೆ ಎಷ್ಟು ಮಂದಿಯ ತೀರ್ಮಾನಗಳಿವೆ ಎಂಬುದು ಆ ಕೆಲಸ ಮಾಡಿದವರಿಗಷ್ಟೇ ಗೊತ್ತು.

ಸಂಶೋಧನಾ ಲೇಖನ ಓದಲು ಕೂತರೆ ಮೊದಲ ಪುಟ ದಾಟಲು ಆಗುವುದಿಲ್ಲ. ಎಲ್ಲರಿಗೂ ಹೀಗೆಯೇ ಆಗುತ್ತದೆಯೇ?

ಎಲ್ಲರಿಗೂ ಆಗುತ್ತದೆ. ಮೊದಲಿನಿಂದ ಕೊನೆಯವರೆಗೆ ಕಥೆಯಂತೆ ಓದುವ ಹಟ ಬಿಡಿ. ನಾನು ಹೇಳಿಕೊಡುವ ಕ್ರಮ ಹೀಗಿದೆ: ಸಾರಾಂಶ ಓದಿದ ಕೂಡಲೇ ಚಿತ್ರಗಳಿಗೆ ಹೋಗಿ, ಪ್ರತಿ ಚಿತ್ರದ ಎರಡು ಅಕ್ಷಗಳಲ್ಲಿ ಏನಿದೆ ಎಂದು ಜೋರಾಗಿ ಹೇಳಿಕೊಳ್ಳಿ. ಆಮೇಲೆ ಒಂದು ಹಾಳೆಯ ಎಡಗಡೆ ‘ಅಳೆದದ್ದು ಏನು’ ಎಂದೂ ಬಲಗಡೆ ‘ಹೇಳಿದ್ದು ಏನು’ ಎಂದೂ ಬರೆಯಿರಿ. ಉದಾಹರಣೆಗೆ, ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯನ್ನು ರಕ್ತದ ಮೂಲಕ ಚಿತ್ರಿಸುವ ವಿಧಾನ) ಬಳಸಿದ ಲೇಖನದಲ್ಲಿ ಎಡಗಡೆ ಬರಬೇಕಾದದ್ದು ರಕ್ತದ ಆಮ್ಲಜನಕದ ಮಟ್ಟದಲ್ಲಾದ ಬದಲಾವಣೆ. ಅದು ನರಕೋಶಗಳು ಮಿಡಿದ ಐದಾರು ಸೆಕೆಂಡುಗಳ ನಂತರ ತುದಿ ಮುಟ್ಟುತ್ತದೆ, ಮತ್ತು ಚಿತ್ರದ ಒಂದೊಂದು ಘನ ತುಣುಕಿನೊಳಗೆ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಬಲಗಡೆ ‘ಈ ಭಾಗ ಭಯವನ್ನು ನಿಯಂತ್ರಿಸುತ್ತದೆ’ ಎಂದಿದ್ದರೆ, ಎಡದಿಂದ ಬಲಕ್ಕೆ ಹೋಗಲು ಎಷ್ಟು ಮೆಟ್ಟಿಲು ಹತ್ತಬೇಕು, ಅವುಗಳಲ್ಲಿ ಎಷ್ಟನ್ನು ಲೇಖಕರು ನಿಜವಾಗಿ ಕಟ್ಟಿದ್ದಾರೆ ಎಂದು ನೋಡಿ. ನರವಿಜ್ಞಾನದ ಓದಿನಲ್ಲಿ ಇದಕ್ಕಿಂತ ಮುಖ್ಯವಾದ ಅಭ್ಯಾಸ ನನಗೆ ಗೊತ್ತಿಲ್ಲ. ಪದವಿಯಲ್ಲಿ ಇದೊಂದನ್ನು ಕಲಿತು ಹೊರಬಂದರೂ ಆ ಮೂರು ನಾಲ್ಕು ವರ್ಷ ಸಾರ್ಥಕ ಎನ್ನುತ್ತೇನೆ.

ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗಿದ್ದರೆ ಈ ಕ್ಷೇತ್ರ ನನಗಲ್ಲವೇ?

ಈ ಪ್ರಶ್ನೆ ಕೇಳುವವರ ಬಗ್ಗೆ ನನಗೆ ಗೌರವವಿದೆ. ಪ್ರಾಣಿಗಳನ್ನು ಮುಟ್ಟದೆ ಜೀವನವಿಡೀ ನರವಿಜ್ಞಾನ ಮಾಡಬಹುದು: ಮಾನವ ಸ್ವಯಂಸೇವಕರೊಂದಿಗೆ ಇಇಜಿ (ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ಅಳೆಯುವುದು) ಮತ್ತು ಎಫ್‌ಎಂಆರ್‌ಐ, ಗಣನಾತ್ಮಕ ಮಾದರಿಗಳು, ಕೋಶಗಳಿಂದ ಬೆಳೆಸಿದ ಅಂಗಾಂಶ, ಈಗಾಗಲೇ ಸಾರ್ವಜನಿಕವಾಗಿ ಲಭ್ಯವಿರುವ ದತ್ತಾಂಶದ ವಿಶ್ಲೇಷಣೆ ಹೀಗೆ ದಾರಿಗಳಿವೆ. ಸೇರುವ ಮೊದಲೇ ಇದನ್ನು ಸ್ಪಷ್ಟವಾಗಿ ಹೇಳಿ. ಒಳ್ಳೆಯ ಮಾರ್ಗದರ್ಶಕರು ತಪ್ಪು ತಿಳಿಯುವುದಿಲ್ಲ. ಆದರೆ ಮಿದುಳಿನ ವೈರಿಂಗ್, ಔಷಧಗಳ ಕ್ರಿಯೆ, ನೆನಪಿನ ಕೋಶಮಟ್ಟದ ವ್ಯವಸ್ಥೆ ಇವುಗಳ ಕುರಿತು ನಮಗೆ ತಿಳಿದಿರುವ ಬಹುಭಾಗ ಪ್ರಾಣಿಗಳಿಂದಲೇ ಬಂದಿದೆ ಎಂಬ ಸತ್ಯವನ್ನು ಮುಚ್ಚಿಟ್ಟುಕೊಂಡು ಓದಬಾರದು.

ಪ್ರಾಣಿಗಳೊಂದಿಗೆ ಕೆಲಸ ಮಾಡುವವರಿಗೆ 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಮುಂದಿಟ್ಟ ಮೂರು ಸೂತ್ರಗಳು ಇಂದಿಗೂ ಅಡಿಪಾಯ: ಸಾಧ್ಯವಿದ್ದಲ್ಲಿ ಬದಲಿ ವಿಧಾನ ಬಳಸುವುದು, ಪ್ರಾಣಿಗಳ ಸಂಖ್ಯೆಯನ್ನು ಕಡಿಮೆ ಮಾಡುವುದು, ಅವುಗಳ ನೋವನ್ನು ತಗ್ಗಿಸುವಂತೆ ವಿಧಾನವನ್ನು ನಯಗೊಳಿಸುವುದು. ಸಂಖ್ಯೆ ಕಡಿಮೆ ಮಾಡುವುದೆಂದರೆ ಉತ್ತರವೇ ಸಿಗದಷ್ಟು ಕಡಿಮೆ ಮಾಡುವುದೂ ಅಲ್ಲ. ಏನನ್ನೂ ತೀರ್ಮಾನಿಸಲಾಗದ ಪ್ರಯೋಗಕ್ಕೆ ಆರು ಇಲಿಗಳನ್ನು ಬಳಸಿದರೆ ಆ ಆರೂ ವ್ಯರ್ಥವಾಗಿ ಸತ್ತಂತೆ.

## ಸ್ನಾತಕೋತ್ತರದ ಹೊತ್ತಿಗೆ

ಸ್ನಾತಕೋತ್ತರ ಪದವಿ ಬೇಕೇ, ಅಥವಾ ನೇರವಾಗಿ ಪಿಎಚ್‌.ಡಿ.ಗೆ ಹೋಗಬಹುದೇ?

ಅದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಪದವಿಯ ನಂತರ ನೇರವಾಗಿ ಪಿಎಚ್‌.ಡಿ. ಸೇರುವುದು ರೂಢಿ, ಅಲ್ಲಿ ಸಾಮಾನ್ಯವಾಗಿ ಐದರಿಂದ ಆರು ವರ್ಷ ಹಿಡಿಯುತ್ತದೆ, ಆರಂಭದ ಒಂದೆರಡು ವರ್ಷ ತರಗತಿಗಳೂ ಇರುತ್ತವೆ. ಯುರೋಪಿನ ಬಹುಪಾಲು ದೇಶಗಳಲ್ಲಿ ಸ್ನಾತಕೋತ್ತರ ಮುಗಿಸಿದವರನ್ನು ತೆಗೆದುಕೊಂಡು ಮೂರು ನಾಲ್ಕು ವರ್ಷಗಳಲ್ಲಿ ಮುಗಿಸುತ್ತಾರೆ. ಎರಡು ಸಂದರ್ಭಗಳಲ್ಲಿ ಸ್ನಾತಕೋತ್ತರವನ್ನು ನಾನು ಒತ್ತಿ ಹೇಳುತ್ತೇನೆ: ಬೇರೆ ವಿಷಯದಿಂದ ಬರುತ್ತಿದ್ದರೆ, ಮತ್ತು ಸಂಶೋಧನೆ ತಮಗೆ ಹಿಡಿಸುತ್ತದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ. ಆಯ್ಕೆ ಮಾಡುವಾಗ ಕನಿಷ್ಠ ಆರು ತಿಂಗಳ ಪ್ರಯೋಗಾಲಯ ಯೋಜನೆ ಇರುವ ಕೋರ್ಸನ್ನೇ ಆರಿಸಿ. ತರಗತಿಗಳಷ್ಟೇ ಇರುವ ಕೋರ್ಸಿಗೆ ಹೆಚ್ಚು ಹಣ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಕೋಶ, ಜಾಲ, ನಡವಳಿಕೆ, ಗಣನೆ: ಇಷ್ಟು ಶಾಖೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಶಾಖೆಯನ್ನು ಆರಿಸುವ ಮೊದಲು ಪ್ರಶ್ನೆಯನ್ನು ಆರಿಸಿಕೊಳ್ಳಿ, ಆ ಪ್ರಶ್ನೆಗೆ ಯಾವ ಮಟ್ಟದಲ್ಲಿ ಉತ್ತರ ಸಿಗಬಹುದೆಂದು ಯೋಚಿಸಿ. ದೃಷ್ಟಿಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಡೇವಿಡ್ ಮಾರ್ ಇದನ್ನು ಮೂರು ಮಟ್ಟಗಳಾಗಿ ಬಿಡಿಸಿದ್ದರು: ಮಿದುಳು ಯಾವ ಸಮಸ್ಯೆಯನ್ನು ಬಿಡಿಸುತ್ತಿದೆ, ಯಾವ ಕ್ರಮದಿಂದ ಬಿಡಿಸುತ್ತಿದೆ, ಆ ಕ್ರಮ ನರಕೋಶಗಳಲ್ಲಿ ಹೇಗೆ ಮೂಡಿದೆ. ಒಂದು ಮಟ್ಟದ ಉತ್ತರ ಇನ್ನೊಂದರ ಕೆಲಸ ಮಾಡುವುದಿಲ್ಲ. ಇದಕ್ಕೆ ದುಂಡುಹುಳುವಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಂದು ಮಿಲಿಮೀಟರ್ ಉದ್ದದ ಆ ಹುಳುವಿನಲ್ಲಿರುವ ನರಕೋಶಗಳು ಕೇವಲ 302, ಅವುಗಳ ಸಂಪರ್ಕಗಳ ನಕ್ಷೆ 1986ರಲ್ಲೇ ಪ್ರಕಟವಾಗಿದೆ. ಆದರೂ ಆ ಹುಳು ಮುಂದಿನ ಕ್ಷಣ ಎತ್ತ ತಿರುಗುತ್ತದೆ ಎಂಬುದನ್ನು ನಕ್ಷೆಯೊಂದರಿಂದಲೇ ಹೇಳಲಾಗುವುದಿಲ್ಲ. 2024ರಲ್ಲಿ ಹಣ್ಣುನೊಣದ ಪೂರ್ತಿ ಮಿದುಳಿನ ನಕ್ಷೆ ಬಂತು: ಸುಮಾರು 1,39,000 ನರಕೋಶಗಳು, ಅವುಗಳ ನಡುವೆ ಸಂಕೇತ ದಾಟುವ 5 ಕೋಟಿಗೂ ಹೆಚ್ಚು ಸಂಧಿಗಳು, ಅಂದರೆ ಸಿನ್ಯಾಪ್ಸ್‌ಗಳು. ಅದು ಮಹತ್ವದ ಸಾಧನೆ, ಮತ್ತು ಅದನ್ನು ಹೇಗೆ ಓದಬೇಕೆಂಬ ಕೆಲಸ ಈಗಷ್ಟೇ ತೆರೆದುಕೊಂಡಿದೆ.

ವ್ಯಾವಹಾರಿಕವಾಗಿ ಇನ್ನೊಂದು ಸಂಗತಿ ನೋಡಿಕೊಳ್ಳಿ: ನಿಮ್ಮ ಕೈಗೆ ಎಂಥ ಕೆಲಸ ಒಗ್ಗುತ್ತದೆ? ಒಂದು ನರಕೋಶದ ಪೊರೆಗೆ ಗಾಜಿನ ಸೂಜಿಯನ್ನು ಅಂಟಿಸಿ ವಿದ್ಯುತ್ತನ್ನು ಅಳೆಯುವ ಪ್ಯಾಚ್ ಕ್ಲ್ಯಾಂಪ್ ಮಾಡುವವರು ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂರಬೇಕು. ನಡವಳಿಕೆಯ ಪ್ರಯೋಗ ಮಾಡುವವರು ತಿಂಗಳುಗಟ್ಟಲೆ ಪ್ರಾಣಿಗೆ ತರಬೇತಿ ಕೊಡಬೇಕು. ಮಾನವ ಮಿದುಳಿನ ಚಿತ್ರಣದಲ್ಲಿ ಅರ್ಧ ದಿನ ಜನರೊಂದಿಗೆ ಮಾತು, ಉಳಿದರ್ಧ ಗಣಕದ ಮುಂದೆ. ಬೌದ್ಧಿಕವಾಗಿ ಇಷ್ಟವಾದ ಶಾಖೆಯ ದೈನಂದಿನ ಕೆಲಸ ಇಷ್ಟವಾಗದೆ ಕುಗ್ಗಿಹೋದವರಿದ್ದಾರೆ.

ಕೋಡಿಂಗ್ ಕಲಿಯಲೇಬೇಕೇ? ಯಾವ ಭಾಷೆ?

ಕಲಿಯಲೇಬೇಕು. ಪೈಥಾನ್‌ನಿಂದ ಶುರುಮಾಡಿ, ಹಲವು ಪ್ರಯೋಗಾಲಯಗಳಲ್ಲಿ ಮ್ಯಾಟ್‌ಲ್ಯಾಬ್ ಇನ್ನೂ ಇದೆ, ಸಂಖ್ಯಾಶಾಸ್ತ್ರಕ್ಕೆ ಆರ್ ಭಾಷೆ ಬಳಸುವವರೂ ಬಹಳ. ಒಂದು ಚೆನ್ನಾಗಿ ಬಂದರೆ ಇನ್ನೊಂದು ಒಂದೆರಡು ತಿಂಗಳ ಮಾತು. ಭಾಷೆಗಿಂತ ಮುಖ್ಯವಾದದ್ದು ಆರು ತಿಂಗಳ ನಂತರ ನಿಮಗೇ ಅರ್ಥವಾಗುವ ಹಾಗೆ ಬರೆಯುವುದು, ಮೂಲ ದತ್ತಾಂಶವನ್ನು ಎಂದೂ ತಿದ್ದದೆ ಇಡುವುದು, ಪ್ರತಿ ಬದಲಾವಣೆಯ ಆವೃತ್ತಿಯನ್ನು ಉಳಿಸಿಕೊಳ್ಳುವುದು.

ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಪಾಸಾಗಿದ್ದೇನೆ. ಆದರೂ ‘ನಿನ್ನ ವಿಶ್ಲೇಷಣೆ ತಪ್ಪು’ ಎನ್ನುತ್ತಾರೆ. ನಾವು ಎಲ್ಲಿ ಎಡವುತ್ತೇವೆ?

ಎಡವುವ ಜಾಗಗಳು ಮತ್ತೆ ಮತ್ತೆ ಅವೇ ಆಗಿರುವುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲನೆಯದು, ಏನನ್ನು ಎಣಿಸುತ್ತಿದ್ದೇವೆ ಎಂಬುದು. ನಾಲ್ಕು ಇಲಿಗಳಿಂದ ತಲಾ ಇಪ್ಪತ್ತೈದು ನರಕೋಶಗಳನ್ನು ದಾಖಲಿಸಿದ ವಿದ್ಯಾರ್ಥಿ ತನ್ನ ಬಳಿ ನೂರು ಮಾದರಿಗಳಿವೆ ಎಂದು ಬರೆಯುತ್ತಾನೆ. ಒಂದೇ ಇಲಿಯ ಕೋಶಗಳು ಒಂದನ್ನೊಂದು ಹೋಲುತ್ತವೆ. ಅವು ಸ್ವತಂತ್ರ ಸಾಕ್ಷಿಗಳಲ್ಲ. ಚಿಕಿತ್ಸೆ ಕೊಟ್ಟದ್ದು ಇಲಿಗೆ ಆದ್ದರಿಂದ ತೀರ್ಮಾನದ ಭಾರ ಹೊರುವುದು ನಾಲ್ಕು ಇಲಿಗಳೇ. ಇಲಿ ಮತ್ತು ಕೋಶ ಎರಡೂ ಹಂತಗಳನ್ನು ಗಣನೆಗೆ ತೆಗೆದುಕೊಳ್ಳುವ ಶ್ರೇಣೀಕೃತ ಗಣಿತ ಮಾದರಿಗಳನ್ನು ಕಲಿಯಿರಿ.

ಎರಡನೆಯದು ಹೋಲಿಕೆಯ ತಪ್ಪು. ‘ಔಷಧ ಕೊಟ್ಟ ಗುಂಪಿನಲ್ಲಿ ಬದಲಾವಣೆ ಗಣನೀಯ, ನಿಯಂತ್ರಣ ಗುಂಪಿನಲ್ಲಿ ಗಣನೀಯವಲ್ಲ, ಆದ್ದರಿಂದ ಔಷಧ ಕೆಲಸ ಮಾಡಿತು’ ಎಂಬ ವಾಕ್ಯ ಸರಿಯೆಂದೇ ತೋರುತ್ತದೆ (ಗಣನೀಯ ಎಂದರೆ ಬರಿಯ ಆಕಸ್ಮಿಕವೆನ್ನಲು ಕಷ್ಟವಾದದ್ದು; ನಿಯಂತ್ರಣ ಗುಂಪು ಎಂದರೆ ಔಷಧ ಕೊಡದ ಗುಂಪು). ಆದರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸವನ್ನು ನೇರವಾಗಿ ಪರೀಕ್ಷಿಸದೆ ಹಾಗೆ ಹೇಳುವಂತಿಲ್ಲ. ಒಂದು ಗುಂಪು ಗಣನೀಯತೆಯ ಗೆರೆಯನ್ನು ಕೂದಲೆಳೆಯಷ್ಟು ದಾಟಿ ಇನ್ನೊಂದು ಅಷ್ಟೇ ಹಿಂದೆ ಉಳಿದಿರಬಹುದು. ಈ ತಪ್ಪಿಗೆ ಎಡೆಯಿದ್ದ 157 ನರವಿಜ್ಞಾನ ಲೇಖನಗಳನ್ನು 2011ರ ಒಂದು ಪರಿಶೀಲನೆ ನೋಡಿದಾಗ 79ರಲ್ಲಿ ತಪ್ಪು ನಡೆದಿತ್ತು. ಅವೆಲ್ಲ ಪ್ರತಿಷ್ಠಿತ ನಿಯತಕಾಲಿಕಗಳ ಲೇಖನಗಳು.

ಮೂರನೆಯದು ಬಹುಸಂಖ್ಯೆಯ ಪರೀಕ್ಷೆ. 2009ರಲ್ಲಿ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಎಫ್‌ಎಂಆರ್‌ಐ ಯಂತ್ರದಲ್ಲಿಟ್ಟು ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿದರು. ಚಿತ್ರದ ಸಾವಿರಾರು ತುಣುಕುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅಷ್ಟು ಪರೀಕ್ಷೆಗಳಲ್ಲಿ ಆಕಸ್ಮಿಕವಾಗಿ ಸಿಗುವ ಸುಳ್ಳು ಫಲಿತಾಂಶಗಳಿಗೆ ಯಾವ ತಿದ್ದುಪಡಿಯನ್ನೂ ಮಾಡದಿದ್ದಾಗ ಮೀನಿನ ಮಿದುಳಿನಲ್ಲೂ ‘ಚಟುವಟಿಕೆ’ ಕಂಡಿತು. ತಿದ್ದುಪಡಿ ಮಾಡಿದ ಕೂಡಲೇ ಅದು ಮಾಯವಾಯಿತು. ನನ್ನ ತರಗತಿಯಲ್ಲಿ ಇದನ್ನು ತೋರಿಸದೆ ಯಾವ ವರ್ಷವನ್ನೂ ಮುಗಿಸುವುದಿಲ್ಲ.

ಕೊನೆಯದು ಸಣ್ಣ ಮಾದರಿಗಳು. ನರವಿಜ್ಞಾನದ ಅಧ್ಯಯನಗಳು ನಿಜವಾದ ಪರಿಣಾಮವನ್ನು ಪತ್ತೆಹಚ್ಚುವ ಶಕ್ತಿಯ ಮಧ್ಯಾಂಕ ಸುಮಾರು ಶೇ 21 ಎಂದು 2013ರ ಒಂದು ವಿಶ್ಲೇಷಣೆ ಅಂದಾಜಿಸಿತು. ಅಂದರೆ ಪರಿಣಾಮ ನಿಜವಾಗಿ ಇದ್ದರೂ ಐದರಲ್ಲಿ ನಾಲ್ಕು ಸಲ ಅದು ಕಾಣದೆ ಹೋಗಬಹುದು, ಕಂಡಾಗಲೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಿದುಳಿನ ರಚನೆಗೂ ವ್ಯಕ್ತಿಯ ಗುಣಗಳಿಗೂ ನಂಟು ಹುಡುಕುವ ಅಧ್ಯಯನಗಳಿಗೆ ಸಾವಿರಾರು ಜನ ಬೇಕಾಗುತ್ತಾರೆ ಎಂಬುದು 2022ರಲ್ಲಿ ಸ್ಪಷ್ಟವಾಯಿತು. ಪ್ರಯೋಗ ಶುರುಮಾಡುವ ಮೊದಲೇ ಎಷ್ಟು ಮಾದರಿ ಬೇಕೆಂದು ಲೆಕ್ಕ ಹಾಕುವುದು, ಯಾವ ಪರೀಕ್ಷೆ ಮಾಡುತ್ತೇವೆಂದು ಬರೆದಿಡುವುದು ಇದಕ್ಕೆ ಇರುವ ಮದ್ದು.

ನಾನು ವೈದ್ಯೆ. ರೋಗಿಗಳನ್ನು ನೋಡುತ್ತಲೇ ಪಿಎಚ್‌.ಡಿ. ಮಾಡಬಹುದೇ?

ಮಾಡುವವರಿದ್ದಾರೆ, ಮತ್ತು ರೋಗವನ್ನು ಹತ್ತಿರದಿಂದ ಕಂಡವರು ಕೇಳುವ ಪ್ರಶ್ನೆಗಳು ಪ್ರಯೋಗಾಲಯದಲ್ಲೇ ಬೆಳೆದವರಿಗೆ ಹೊಳೆಯುವುದಿಲ್ಲ. ಆದರೆ ವಾರದಲ್ಲಿ ಉಳಿದ ಸಂಜೆಗಳಲ್ಲಿ ಸಂಶೋಧನೆ ನಡೆಯುವುದಿಲ್ಲ. ಕನಿಷ್ಠ ಎರಡು ವರ್ಷವಾದರೂ ವಾರದ ಬಹುಭಾಗವನ್ನು ಸಂಶೋಧನೆಗೇ ಕೊಡುವ ಲಿಖಿತ ಒಪ್ಪಂದ ಮಾಡಿಕೊಂಡ ಮೇಲೆ ಸೇರಿ.

## ಪಿಎಚ್‌.ಡಿ.

ಹೆಸರಾಂತ ವಿಶ್ವವಿದ್ಯಾಲಯ ಮುಖ್ಯವೋ, ಮಾರ್ಗದರ್ಶಕರು ಮುಖ್ಯವೋ?

ಮಾರ್ಗದರ್ಶಕರು. ಈ ಉತ್ತರದಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಮುಂದಿನ ನಾಲ್ಕೈದು ವರ್ಷ ನೀವು ಹೇಗೆ ಯೋಚಿಸುತ್ತೀರಿ, ಸೋತಾಗ ಯಾರ ಬಾಗಿಲು ತಟ್ಟುತ್ತೀರಿ, ನಿಮ್ಮ ಹೆಸರು ಲೇಖನದಲ್ಲಿ ಎಲ್ಲಿ ಬರುತ್ತದೆ ಎಂಬುದೆಲ್ಲ ಒಬ್ಬ ವ್ಯಕ್ತಿಯ ಮೇಲೆ ನಿಂತಿರುತ್ತದೆ. ಸೇರುವ ಮೊದಲು ಆ ಪ್ರಯೋಗಾಲಯದ ಈಗಿನ ವಿದ್ಯಾರ್ಥಿಗಳೊಂದಿಗೂ ಬಿಟ್ಟುಹೋದವರೊಂದಿಗೂ ಮಾರ್ಗದರ್ಶಕರು ಇಲ್ಲದ ಕಡೆ ಮಾತಾಡಿ. ಎಷ್ಟು ಜನ ಮುಗಿಸಿದರು, ಎಷ್ಟು ವರ್ಷ ಹಿಡಿಯಿತು, ಮುಗಿಸದೆ ಹೋದವರು ಏಕೆ ಹೋದರು, ರಜೆ ಕೇಳಿದರೆ ಏನಾಗುತ್ತದೆ, ವಾರಕ್ಕೆ ಎಷ್ಟು ಸಲ ಎದುರು ಕುಳಿತು ಮಾತಾಡುತ್ತಾರೆ ಎಂದು ಕೇಳಿ. ಉತ್ತರದ ಮಾತುಗಳಿಗಿಂತ ಉತ್ತರಿಸುವ ಮೊದಲಿನ ಮೌನ ಹೆಚ್ಚು ಹೇಳುತ್ತದೆ. ಮೊದಲ ವರ್ಷದಲ್ಲಿ ಎರಡು ಮೂರು ಪ್ರಯೋಗಾಲಯಗಳಲ್ಲಿ ಸರದಿಯಂತೆ ಕೆಲಸ ಮಾಡಿ ನೋಡುವ ಅವಕಾಶ ಇರುವ ಕಡೆ ಅದನ್ನು ಪೂರ್ತಿ ಬಳಸಿಕೊಳ್ಳಿ.

ಕಿರಿಯ ಮಾರ್ಗದರ್ಶಕರ ಬಳಿ ಅವರ ಸಮಯ ಸಿಗುತ್ತದೆ, ಹಿರಿಯರ ಬಳಿ ಉಪಕರಣವೂ ಹೆಸರೂ ಸಿಗುತ್ತವೆ. ಕೈಹಿಡಿದು ಕಲಿಸುವವರು ನಿಮಗೆ ಬೇಕೋ, ನಿಮ್ಮಷ್ಟಕ್ಕೆ ಬಿಡುವವರು ಬೇಕೋ ಎಂಬುದನ್ನು ಪ್ರಾಮಾಣಿಕವಾಗಿ ನೀವೇ ನಿರ್ಧರಿಸಬೇಕು.

ಎರಡು ವರ್ಷವಾಯಿತು, ಪ್ರಯೋಗ ಕೈಗೂಡುತ್ತಿಲ್ಲ. ಬಿಟ್ಟುಬಿಡಲೇ?

ಈ ಪತ್ರ ನನಗೆ ಬಾರದ ವರ್ಷವಿಲ್ಲ, ಆದ್ದರಿಂದ ಮೊದಲು ತಿಳಿಯಬೇಕಾದದ್ದು ನೀವು ಒಬ್ಬರೇ ಅಲ್ಲ ಎಂಬುದು. ಕೈಗೂಡದಿರುವುದರಲ್ಲಿ ಎರಡು ಬಗೆಯಿದೆ. ಅಳತೆಯೇ ಸಿಗದಿರುವುದು ಒಂದು. ನನ್ನ ಪಿಎಚ್‌.ಡಿ.ಯ ಎರಡನೆಯ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಪ್ರತಿ ದಾಖಲೆಯಲ್ಲೂ ವಿದ್ಯುತ್ ಮಾರ್ಗದ ಗುಂಯ್‌ಗುಡುವಿಕೆ ಬೆರೆತು ನರಕೋಶದ ಸಂಕೇತ ಕಾಣದಾಗಿತ್ತು. ಒಂದೊಂದೇ ಉಪಕರಣವನ್ನು ಕಳಚಿ ನೋಡುತ್ತಾ ಹೋದಾಗ, ಸೂಕ್ಷ್ಮದರ್ಶಕದ ದೀಪದ ಹಿಂದೆ ಸಡಿಲವಾಗಿದ್ದ ಒಂದು ಭೂಸಂಪರ್ಕ ತಂತಿ ಸಿಕ್ಕಿತು. ಈ ಬಗೆಯ ತೊಡಕಿಗೆ ಕ್ರಮವಾದ ಹುಡುಕಾಟ ಮತ್ತು ಅದೇ ತಂತ್ರ ಬಲ್ಲ ಇನ್ನೊಂದು ಪ್ರಯೋಗಾಲಯದಲ್ಲಿ ಎರಡು ವಾರ ಕಳೆಯುವುದು ಪರಿಹಾರ.

ಇನ್ನೊಂದು ಬಗೆಯಲ್ಲಿ ಅಳತೆ ಚೆನ್ನಾಗಿ ಸಿಗುತ್ತದೆ, ಆದರೆ ಊಹಿಸಿದ ಪರಿಣಾಮ ಕಾಣುವುದಿಲ್ಲ. ಅದನ್ನು ಸೋಲೆಂದು ಕರೆಯಬಾರದು. ಮಾದರಿ ಸಾಕಷ್ಟಿದ್ದರೆ ಅದೇ ಉತ್ತರ, ಅದನ್ನು ಮಹಾಪ್ರಬಂಧದಲ್ಲಿ ಧೈರ್ಯವಾಗಿ ಬರೆಯಿರಿ. ಬೇಕಾದ ಉತ್ತರ ಬರುವವರೆಗೆ ವಿಶ್ಲೇಷಣೆಯನ್ನು ತಿರುಚಬೇಡಿ. ಇನ್ನು ಬಿಡುವ ಮಾತು: ಪ್ರಶ್ನೆಯಲ್ಲಿ ಆಸಕ್ತಿ ಉಳಿದಿದ್ದು ವಿಧಾನ ಕೈಕೊಟ್ಟಿದ್ದರೆ ವಿಧಾನ ಬದಲಿಸಿ. ಪ್ರಯೋಗಾಲಯದ ವಾತಾವರಣ ನಿಮ್ಮನ್ನು ಕುಗ್ಗಿಸುತ್ತಿದ್ದರೆ ಮಾರ್ಗದರ್ಶಕರನ್ನು ಬದಲಿಸಿ. ವಿಭಾಗದಲ್ಲಿ ಅದಕ್ಕೊಂದು ಸಮಿತಿ ಇರುತ್ತದೆ, ಅಲ್ಲಿಗೆ ಬೇಗ ಹೋಗಿ. ನಿದ್ದೆ, ಊಟ, ಸ್ನೇಹ ಮೂರೂ ಕೆಟ್ಟು ತಿಂಗಳುಗಳಾಗಿದ್ದರೆ ಮೊದಲು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ, ನಿರ್ಧಾರ ಆಮೇಲೆ.

ನಾನು ಮಾಡುತ್ತಿದ್ದ ಕೆಲಸವನ್ನೇ ಬೇರೊಂದು ತಂಡ ಮೊದಲು ಪ್ರಕಟಿಸಿಬಿಟ್ಟಿತು. ನನ್ನ ಮೂರು ವರ್ಷ ಹಾಳಾಯಿತೇ?

ಆ ಸುದ್ದಿ ಓದಿದ ದಿನ ಹಾಗೆಯೇ ಅನಿಸುತ್ತದೆ. ಒಂದು ವಾರ ಬಿಟ್ಟು ಅವರ ವಿಧಾನದ ಭಾಗವನ್ನು ಓದಿ. ಪ್ರಾಣಿ ಬೇರೆ, ವಯಸ್ಸು ಬೇರೆ, ಪರೀಕ್ಷೆ ಬೇರೆ ಎಂಬ ಎಷ್ಟೋ ವ್ಯತ್ಯಾಸಗಳು ಕಾಣುತ್ತವೆ. ಸ್ವತಂತ್ರವಾಗಿ ಅದೇ ಫಲಿತಾಂಶ ಬಂದಿದ್ದರೆ ಅದು ಈ ಕ್ಷೇತ್ರಕ್ಕೆ ಅತ್ಯಂತ ಬೇಕಾದ ಸಂಗತಿ, ಬಾರದಿದ್ದರೆ ಇನ್ನೂ ಹೆಚ್ಚು ಬೇಕಾದದ್ದು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಮಹಾಪ್ರಬಂಧದ ಪರೀಕ್ಷಕರು ನೋಡುವುದು ಕೆಲಸ ನಿಮ್ಮದೇ ಆಗಿದೆಯೇ ಎಂಬುದನ್ನು. ಓಟದಲ್ಲಿ ಮೊದಲು ಬಂದಿರಾ ಎಂದು ಅವರು ಕೇಳುವುದಿಲ್ಲ.

ಗಣಕದ ಕೃತಕ ನರಜಾಲಗಳೇ ಇಷ್ಟೆಲ್ಲ ಮಾಡುತ್ತಿರುವಾಗ ಇನ್ನೂ ನಿಜವಾದ ಮಿದುಳನ್ನು ಅಭ್ಯಾಸ ಮಾಡುವುದರಲ್ಲಿ ಅರ್ಥವಿದೆಯೇ?

ಇದೆ. ಕೃತಕ ನರಜಾಲ ಒಂದು ಕೆಲಸವನ್ನು ಮಾಡಿ ತೋರಿಸಿದರೆ, ಆ ಕೆಲಸವನ್ನು ಹಾಗೂ ಮಾಡಬಹುದು ಎಂದು ತಿಳಿಯುತ್ತದೆ. ಮಿದುಳು ಹಾಗೆಯೇ ಮಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಮಿದುಳಿನಲ್ಲೇ ಅಳೆಯಬೇಕು. ಇವೆರಡೂ ಒಂದಕ್ಕೊಂದು ನೆರವಾಗುತ್ತವೆ: ದೃಷ್ಟಿಯ ಅಧ್ಯಯನದಲ್ಲಿ ನರಜಾಲಗಳ ಒಳಪದರಗಳನ್ನು ಕೋತಿಗಳ ನರಕೋಶಗಳ ಪ್ರತಿಕ್ರಿಯೆಯೊಂದಿಗೆ ಹೋಲಿಸುವುದು ಈಗ ಸಾಮಾನ್ಯವಾಗಿದೆ. ಹೋಲಿಕೆ ಕಂಡಷ್ಟರಿಂದಲೇ ವ್ಯವಸ್ಥೆ ಒಂದೇ ಎಂದು ಬರೆಯುವ ಲೇಖನಗಳನ್ನು ಮಾತ್ರ ಎಚ್ಚರದಿಂದ ಓದಿ. ಮನುಷ್ಯನ ಮಿದುಳು ಸುಮಾರು 20 ವ್ಯಾಟ್ ಶಕ್ತಿಯಲ್ಲಿ, ಕೆಲವೇ ಉದಾಹರಣೆಗಳಿಂದ ಕಲಿಯುತ್ತದೆ. ಅದು ಹೇಗೆ ಎಂಬುದು ತೆರೆದ ಪ್ರಶ್ನೆ.

ಪಿಎಚ್‌.ಡಿ. ಮುಗಿದ ಮೇಲೆ ಪ್ರಾಧ್ಯಾಪಕಿಯಾಗದಿದ್ದರೆ ಏನು ಮಾಡುವುದು?

ಪಿಎಚ್‌.ಡಿ. ಮುಗಿಸಿದವರ ಸಂಖ್ಯೆಗೆ ಹೋಲಿಸಿದರೆ ಪ್ರಾಧ್ಯಾಪಕ ಹುದ್ದೆಗಳು ಬಹಳ ಕಡಿಮೆ, ಆ ದಾರಿಯಲ್ಲಿ ಸಾಮಾನ್ಯವಾಗಿ ಹಲವು ವರ್ಷಗಳ ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧಕ) ಕೆಲಸವೂ ಇದೆ. ಇದನ್ನು ಕೊನೆಯ ವರ್ಷದಲ್ಲಿ ತಿಳಿಯುವುದಕ್ಕಿಂತ ಮೊದಲ ವರ್ಷದಲ್ಲಿ ತಿಳಿದಿರುವುದು ಒಳ್ಳೆಯದು. ಔಷಧ ಮತ್ತು ವೈದ್ಯಕೀಯ ಉಪಕರಣಗಳ ಕಂಪನಿಗಳು, ದತ್ತಾಂಶ ವಿಶ್ಲೇಷಣೆ, ಚಿಕಿತ್ಸಾ ಪ್ರಯೋಗಗಳ ನಿರ್ವಹಣೆ, ವಿಜ್ಞಾನ ಬರವಣಿಗೆ, ಸಂಶೋಧನಾ ನೀತಿ, ಶಾಲಾ ಕಾಲೇಜುಗಳ ಬೋಧನೆ ಹೀಗೆ ನನ್ನ ಹಳೆಯ ವಿದ್ಯಾರ್ಥಿಗಳು ಹಲವು ಕಡೆ ಹೋಗಿದ್ದಾರೆ. ಚಿಕಿತ್ಸಾ ಪ್ರಯೋಗಗಳ ವಿಭಾಗದಲ್ಲಿರುವ ಒಬ್ಬರು ಇತ್ತೀಚೆಗೆ ಬರೆದಿದ್ದರು: ಹೊಸ ವರದಿ ಮೇಜಿಗೆ ಬಂದಾಗ ಇವತ್ತಿಗೂ ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಅಳೆದದ್ದನ್ನೂ ಬಲಗಡೆ ಹೇಳಿದ್ದನ್ನೂ ಬರೆದುಕೊಳ್ಳುತ್ತಾರಂತೆ.